ಜೆಸಿಬಿ ನೋಡುತ್ತಾ ನಿಲ್ಲುವ ಭಾಗ್ಯ

ನನ್ನ ತಮ್ಮ ರಸ್ತೆಯಲ್ಲಿ ನಡೆಯುವ ಚಂದ ನೀವು ನೋಡಬೇಕು. ಹಾಲು ತರಲು ಹೋದವನು ಮುಕ್ಕಾಲು ಗಂಟೆಯಾದರೂ ಬರುವುದಿಲ್ಲ. ಎಲ್ಲೋ ಒಂದು ಜೆಸಿಬಿ ಮಣ್ಣು ಅಗೆಯುತ್ತಿರುತ್ತದೆ. ಇವನು ಹಾಲಿನ ಪ್ಯಾಕೆಟ್ ನೇತಾಡಿಸಿಕೊಂಡು ಅದನ್ನೇ ನೋಡುತ್ತಾ ನಿಂತಿರುತ್ತಾನೆ. ಅಕ್ಕಪಕ್ಕ ಇನ್ನೂ ಏಳೆಂಟು ಗಂಡಸರು. ಯಾರಿಗೂ ಯಾರ ಪರಿಚಯವೂ ಇಲ್ಲ. ಹಿಂದೆ ಯಾರು ಬಂದು ನಿಂತರು, ಯಾರು ಹೋದರು, ಒಂದೂ ಗೊತ್ತಿರುವುದಿಲ್ಲ.

ಅದನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ತಮಾಷೆಗೆ ಹೇಳುತ್ತಿಲ್ಲ. ನಲವತ್ತು ದಾಟಿದರೂ ನಾನು ಒಂದು ಸಲವೂ ಹಾಗೆ ನಿಂತು ಜೆಸಿಬಿ ನೋಡಿಲ್ಲ. ಆ ಗುಂಪಿನಲ್ಲಿ ನೀವು ಯಾವತ್ತಾದರೂ ಒಬ್ಬ ಹೆಂಗಸನ್ನು ನೋಡಿದ್ದೀರಾ?

ಬೀದಿಯಲ್ಲಿ ಹೆಂಗಸರಿಗೆ ಕಾಟ ಕೊಡುವವರ ಮಾತು ಬಂದಾಗೆಲ್ಲ ಜನ ಘಟನೆಯನ್ನೇ ಕೇಳುತ್ತಾರೆ. ಎಲ್ಲಾಯಿತು, ಎಷ್ಟು ಹೊತ್ತಿಗಾಯಿತು, ಏನು ಮಾಡಿದ. ಅದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗಿರುತ್ತದೆ. ನನ್ನ ತಕರಾರು ಇರುವುದು ಅದರ ಹಿಂದೆ ಮುಂದೆ ಇರುವ ವರ್ಷಗಳ ಬಗ್ಗೆ. ಮನೆಯ ಹೊಸ್ತಿಲು ದಾಟಿದ ಮೇಲೆ ನನ್ನ ಮನಸ್ಸು ಎಲ್ಲೋ ಅಲೆಯುವ ಹಾಗಿಲ್ಲ. ಅದು ಕಾವಲಿಗೆ ನಿಲ್ಲಬೇಕು. ದಿನಾ.

ನಮ್ಮೂರು ಗುಬ್ಬಿ. ಡಿಗ್ರಿ ಓದಿದ್ದು ತುಮಕೂರಿನಲ್ಲಿ. ಇಪ್ಪತ್ತು ಕಿಲೋಮೀಟರ್ ಬಸ್ಸು. ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ, ಕಂಡಕ್ಟರ್ ಮಾತ್ರ "ಒಳಗೆ ಖಾಲಿ ಐತೆ, ನಡೀರಿ ನಡೀರಿ" ಅನ್ನುತ್ತಿದ್ದ. ಮೊದಲ ದಿನ ಅಮ್ಮ ದುಪಟ್ಟಾಗೆ ಎರಡು ಕಡೆ ಪಿನ್ನು ಹಾಕಿ, ಇನ್ನೊಂದನ್ನು ಕೈಗೆ ಕೊಟ್ಟಳು. ಇದು ಯಾಕೆ ಅಂತ ಅವಳು ಹೇಳಲಿಲ್ಲ. ನಾಗರಕಟ್ಟೆ ದಾಟುವ ಮೊದಲೇ ನನಗೆ ಗೊತ್ತಾಯಿತು. ಆಮೇಲೆ ನೋಡಿದರೆ ಬಸ್ಸಿನಲ್ಲಿದ್ದ ಹುಡುಗಿಯರೆಲ್ಲ ಏನಾದರೊಂದು ಇಟ್ಟುಕೊಂಡವರೇ. ಒಬ್ಬಳ ಹತ್ತಿರ ಜಾಮಿಟ್ರಿ ಬಾಕ್ಸಿನ ಕೈವಾರ. ಫೈಲು ಎದೆಗೆ ಅವಚಿಕೊಳ್ಳುವುದು, ಎಡ ಮೊಣಕೈ ಹೊರಗೆ ಚಾಚಿ ನಿಲ್ಲುವುದು. ಇದನ್ನು ಯಾರೂ ಕಲಿಸಲಿಲ್ಲ. ಈಗಲೂ ನನ್ನ ಎಡ ಮೊಣಕೈ ತಾನಾಗಿಯೇ ಹೊರಗೆ ಬರುತ್ತದೆ, ಮದುವೆ ಮನೆಯ ಊಟದ ಸಾಲಿನಲ್ಲೂ.

"ಆವಾಗಲೇ ಮನೆಯಲ್ಲಿ ಹೇಳಬಹುದಿತ್ತಲ್ಲ" ಅಂತ ಈಗಿನವರು ಕೇಳುತ್ತಾರೆ. ನಮ್ಮ ಕ್ಲಾಸಿನ ಒಬ್ಬಳ ಹಿಂದೆ ಒಬ್ಬ ಬಸ್ ಸ್ಟ್ಯಾಂಡಿನಿಂದ ಕಾಲೇಜು ಗೇಟಿನವರೆಗೆ ಬರುತ್ತಿದ್ದ. ಯಾರೋ ಅದನ್ನು ಅವರಪ್ಪನ ಕಿವಿಗೆ ಹಾಕಿದರು. ಅವಳು ಪರೀಕ್ಷೆಗೂ ಬರಲಿಲ್ಲ. ಆಷಾಢ ಕಳೆಯುತ್ತಲೇ ಲಗ್ನಪತ್ರಿಕೆ ಬಂತು. ಅವನು ಅದೇ ಬಸ್ ಸ್ಟ್ಯಾಂಡಿನಲ್ಲಿ ಇನ್ನೊಬ್ಬಳಿಗಾಗಿ ಕಾಯುತ್ತಿದ್ದ. ಇದನ್ನು ಕಣ್ಣಾರೆ ಕಂಡ ಮೇಲೆ ಯಾರು ಬಾಯಿ ಬಿಡುತ್ತಾರೆ? ನಮಗೆ ಓದು ಬೇಕಿತ್ತು. ಅದಕ್ಕೆ ಬಾಯಿ ಮುಚ್ಚಿಕೊಂಡಿರುವುದು ಶುಲ್ಕ.

ಇನ್ನು 2019ರ ನವೆಂಬರ್. ಅಷ್ಟೊತ್ತಿಗೆ ನಾನು ಬೆಂಗಳೂರಿಗೆ ಬಂದು ವರ್ಷಗಳಾಗಿದ್ದವು. ಸಗಟು ಔಷಧಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ವಿಜಯನಗರ ಮೆಟ್ರೋದಲ್ಲಿ ಇಳಿದು ಮನೆಗೆ ನಡೆದುಕೊಂಡು ಹೋಗುತ್ತಿದ್ದೆ. ಒಂದು ಅಡ್ಡರಸ್ತೆಯಲ್ಲಿ ಆಕಾಶಮಲ್ಲಿಗೆ ಮರಗಳಿವೆ. ಸಂಜೆ ಹೊತ್ತಿಗೆ ಫುಟ್‌ಪಾತೆಲ್ಲ ಬಿಳಿ. ತಲೆ ಎತ್ತಿ ಒಂದು ಗಳಿಗೆ ನಿಂತೆ. ಹಿಂದಿನಿಂದ ಒಂದು ಬೈಕು ನಿಧಾನ ಆಯಿತು. ಅಡ್ರೆಸ್ ಕೇಳುತ್ತಾರೇನೋ ಅಂದುಕೊಂಡೆ. ಹಿಂದೆ ಕೂತವನು ಕೈ ಚಾಚಿ ಎದೆಗೆ ಹಾಕಿದ. ಹಿಂಡಿದ. ಹೋದರು. ನಗು ಕೇಳಿಸಿತು. ತಿರುವಿನಲ್ಲಿ ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿದರು.

ಆ ಇಂಡಿಕೇಟರ್ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಸಂಚಾರ ನಿಯಮ ಪಾಲಿಸುವ ಹುಡುಗರು!

ಎಳನೀರಿನವನು ನೋಡಿದ್ದ. "ಹೋಗ್ಲಿ ಬಿಡಿ ಅಕ್ಕಾ, ಪೋಲಿ ನನ್ಮಕ್ಳು" ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ಮಾತ್ರ ಎದ್ದು ನಿಂತು, ಬೈಕು ಹೋದ ದಿಕ್ಕಿಗೆ ಕೈ ಮಾಡಿ, "ನಿಮ್ ಕೈ ಸೇದೋಗ, ನಿಮ್ ಮನೆ ಹಾಳಾಗ" ಅಂತ ಶುರು ಮಾಡಿ, ಇಲ್ಲಿ ಬರೆಯಲಾಗದ್ದನ್ನೆಲ್ಲ ಬೈದರು. ಬೀದಿಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ. ಆಮೇಲೆ ತಮ್ಮ ಸ್ಟೂಲು ನನ್ನ ಕಡೆ ತಳ್ಳಿ, "ಕೂತ್ಕಳವ್ವ" ಅಂತ ನೀರಿನ ಬಾಟಲಿ ಕೊಟ್ಟರು. ಏನೂ ಕೇಳಲಿಲ್ಲ. ಹೂ ಕಟ್ಟುವುದನ್ನು ಮುಂದುವರಿಸಿದರು. ಆ ಬೈಗುಳ ಇಲ್ಲದಿದ್ದರೆ ನಾನು ಅವತ್ತು ಮನೆ ಮುಟ್ಟುತ್ತಿದ್ದೆನೋ ಇಲ್ಲವೋ.

ರಾತ್ರಿ ಮನೆಯವರಿಗೆ ಹೇಳಿದೆ. ಅವರು ದಡಕ್ಕನೆ ಎದ್ದು ಶರ್ಟು ಹಾಕಿಕೊಂಡರು, ಅವರಿಬ್ಬರು ಇನ್ನೂ ಆ ತಿರುವಿನಲ್ಲೇ ಇವರಿಗಾಗಿ ಕಾಯುತ್ತಿರುವ ಹಾಗೆ. ಪಾಪ. ಮಾರನೆಯ ದಿನ ಸ್ಟೇಷನ್ನಿಗೆ ಹೋದೆವು. "ನಂಬರ್ ನೋಡಿದ್ರಾ ಮೇಡಂ?" ನೋಡಿರಲಿಲ್ಲ. "ನಂಬರ್ ಇಲ್ದೆ ಏನ್ ಮಾಡೋಣ ಹೇಳಿ." ಒಂದು ಹಾಳೆಯಲ್ಲಿ ಬರೆದುಕೊಂಡರು. ಅಲ್ಲಿಗೆ ಮುಗಿಯಿತು.

ಕಾನೂನು ಇಲ್ಲ ಅಂತಲ್ಲ. ದೆಹಲಿಯ 2012ರ ಡಿಸೆಂಬರ್ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ನ್ಯಾಯಮೂರ್ತಿ ವರ್ಮಾ ಸಮಿತಿ ಬಂತು, 2013ರಲ್ಲಿ ತಿದ್ದುಪಡಿ ಆಯಿತು. ನನಗೆ ಆದದ್ದಕ್ಕೆ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 354ರಲ್ಲಿ ಕನಿಷ್ಠ ಒಂದು ವರ್ಷ, ಹೆಚ್ಚೆಂದರೆ ಐದು ವರ್ಷ ಜೈಲು ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 74ನೇ ಸೆಕ್ಷನ್. ಹಿಂಬಾಲಿಸಿದರೆ 78, ಮಾತು ಸನ್ನೆಯಲ್ಲಿ ಅವಮಾನ ಮಾಡಿದರೆ 79. ಲೆಕ್ಕ ಬರೆಯುವವಳು ನಾನು, ಸೆಕ್ಷನ್ನುಗಳು ಬಾಯಿಪಾಠ ಆಗಿವೆ. ಬೈಕಿನ ನಂಬರ್ ಒಂದು ಗೊತ್ತಿಲ್ಲ.

ಮೊದಲು ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಒಂಥರಾ ಗಲೀಜು ಅನ್ನಿಸುತ್ತಿತ್ತು ಅಷ್ಟೆ. ಅವತ್ತು ಹಾಕಿದ್ದ ಚೂಡಿದಾರವನ್ನು ಒಗೆದೆ, ಮತ್ತೆ ಒಗೆದೆ, ಕೊನೆಗೆ ನೆಲ ಒರೆಸುವುದಕ್ಕೆ ಹಾಕಿದೆ. ಸಿಟ್ಟು ಬಂದದ್ದು ವಾರ ಕಳೆದ ಮೇಲೆ, ಪಾತ್ರೆ ತೊಳೆಯುವಾಗ, ರಾತ್ರಿ ಮಗ್ಗುಲು ಬದಲಿಸುವಾಗ. ಒಬ್ಬಳೇ ಅವರನ್ನು ಬೈಕಿನಿಂದ ಕೆಡವುತ್ತಿದ್ದೆ. ಪ್ರತಿ ಸಲವೂ ಬೇರೆ ಬೇರೆ ಥರ.

ಹಿಂದೆ ಬೈಕು ನಿಧಾನವಾದ ಸದ್ದು ಕೇಳಿದರೆ ಬೆನ್ನು ಬಿಗಿದುಕೊಳ್ಳುತ್ತಿತ್ತು. ಆ ಅಡ್ಡರಸ್ತೆ ಬಿಟ್ಟೆ. ನಡೆಯುವಷ್ಟು ದೂರಕ್ಕೆ ಆಟೋಗೆ ಮಿನಿಮಮ್ ಚಾರ್ಜು ಕೊಡತೊಡಗಿದೆ. ಒಂದು ದಿನ ಅಡುಗೆಮನೆಯಲ್ಲಿ ಮನೆಯವರು ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟರು. ನಾನು ಕಿರುಚಿದ ರಭಸಕ್ಕೆ ಸೌಟು ಹಾರಿ ಸಾರೆಲ್ಲ ಸ್ಟೌ ಮೇಲೆ. ಹದಿಮೂರು ವರ್ಷ ಜೊತೆಗಿದ್ದ ಮನುಷ್ಯನ ಕೈ ಅದು. ಅವರು ಏನೂ ಅನ್ನಲಿಲ್ಲ, ಬಟ್ಟೆ ತಂದು ಒರೆಸಿದರು. ಅವತ್ತಿನಿಂದ ಅಡುಗೆಮನೆಗೆ ಬರುವ ಮೊದಲು ಬಾಗಿಲಲ್ಲಿ ಸಣ್ಣಗೆ ಕೆಮ್ಮುತ್ತಾರೆ. ಈಗಲೂ. ಬೈಕಿನಲ್ಲಿ ಹೋದವನಿಗೆ ಇದು ಗೊತ್ತೂ ಇಲ್ಲ. ಅವನ ಅರ್ಧ ಕ್ಷಣದ ಮಜಾಕ್ಕೆ ನಮ್ಮ ಮನೆಯಲ್ಲಿ ಒಬ್ಬರು ಇಷ್ಟು ವರ್ಷದಿಂದ ಕೆಮ್ಮುತ್ತಿದ್ದಾರೆ.

2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರೋಡ್, ಬ್ರಿಗೇಡ್ ರೋಡಿನಲ್ಲಿ ಹೊಸ ವರ್ಷಕ್ಕೆ ಸೇರಿದ್ದ ಹೆಣ್ಣುಮಕ್ಕಳ ಮೈಮೇಲೆ ಗುಂಪಿನಲ್ಲಿ ಕೈಹಾಕಿದ್ದು ನಿಮಗೆ ನೆನಪಿರಬಹುದು. ಆಗ ಗೃಹ ಸಚಿವರಾಗಿದ್ದ ಜಿ. ಪರಮೇಶ್ವರ ಅವರು ಪಾಶ್ಚಾತ್ಯರ ಉಡುಪಿನ ಮಾತು ಎತ್ತಿ, ಇಂಥವೆಲ್ಲ ಆಗುತ್ತವೆ ಎನ್ನುವ ಅರ್ಥದಲ್ಲಿ ಮಾತಾಡಿದ್ದರು. 2025ರ ಏಪ್ರಿಲ್‌ನಲ್ಲಿ ಬಿಟಿಎಂ ಲೇಔಟ್ ಕಡೆ ರಾತ್ರಿ ನಡೆದುಹೋಗುತ್ತಿದ್ದ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳ ಮೈಮೇಲೆ ಒಬ್ಬ ಕೈಹಾಕಿದ್ದು ಸಿಸಿಟಿವಿಯಲ್ಲಿ ಬಂತು. ಆಗಲೂ ಅವರೇ ಗೃಹ ಸಚಿವರು. ದೊಡ್ಡ ಊರು, ಅಲ್ಲೊಂದು ಇಲ್ಲೊಂದು ಆಗುತ್ತದೆ ಎಂಬಂತೆ ಹೇಳಿದರು. ಆಮೇಲೆ ವಿಷಾದ ವ್ಯಕ್ತಪಡಿಸಿದರು, ಅದೂ ಸರಿ. ಅವರು ನಮ್ಮ ತುಮಕೂರು ಜಿಲ್ಲೆಯವರು, ಮಾತಿನಲ್ಲಿ ಸೌಮ್ಯ. ಅದಕ್ಕೇ ನನಗೆ ಜಾಸ್ತಿ ಬೇಜಾರಾದದ್ದು. ಮಳೆ ಬಂದರೆ ಕೊಡೆ ಹಿಡಿದುಕೊಳ್ಳಿ ಅನ್ನುವ ಹಾಗೆ ಹೇಳಿದರೆ ಹೇಗೆ? ಅದೇ ಪ್ರಕರಣದಲ್ಲಿ ಪೊಲೀಸರು ನೂರಾರು ಕ್ಯಾಮೆರಾ ಜಾಲಾಡಿ ಆರೋಪಿಯನ್ನು ಕೇರಳದಲ್ಲಿ ಹಿಡಿದರು. ಮನಸ್ಸು ಮಾಡಿದರೆ ಕೇರಳಕ್ಕೂ ಹೋಗುತ್ತಾರೆ ಅಂತಾಯಿತಲ್ಲ!

ನಮಗೆ ಸಿಗುವುದು ಉಪದೇಶ. ಇಯರ್‌ಫೋನ್ ಹಾಕಬೇಡಿ, ಮೊಬೈಲ್ ನೋಡುತ್ತಾ ನಡೆಯಬೇಡಿ, ಸ್ಪ್ರೇ ಇಟ್ಟುಕೊಳ್ಳಿ, 112 ಒತ್ತಿ, ಹುಷಾರಾಗಿರಿ. ಇನ್ನೆಷ್ಟು ಹುಷಾರಾಗಿರಬೇಕು? ಮೆಟ್ರೋದಲ್ಲಿ ಸುಮ್ನೆ ಕೂತ ಹೆಂಗಸರ ಫೋಟೊ, ವಿಡಿಯೊ ಕದ್ದು ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕುತ್ತಿದ್ದ ಆರೋಪದ ಮೇಲೆ 2025ರ ಮೇ ತಿಂಗಳಲ್ಲಿ ಒಬ್ಬನನ್ನು ಹಿಡಿದರು. ಅಂದರೆ ಕೂತರೂ ಎದುರಿನವನ ಮೊಬೈಲು ಯಾವ ಕಡೆ ತಿರುಗಿದೆ ಅಂತ ನೋಡುತ್ತಿರಬೇಕು.

ಬೆಂಗಳೂರಿನಲ್ಲಿ ಬ್ಲ್ಯಾಂಕ್ ನಾಯ್ಸ್ ಅಂತ ಒಂದು ಗುಂಪಿದೆ. ಜಸ್ಮೀನ್ ಪತೇಜಾ 2003ರಲ್ಲಿ ಶುರು ಮಾಡಿದ್ದು. ಅವರದೊಂದು ಕಾರ್ಯಕ್ರಮ, ಹೆಂಗಸರೆಲ್ಲ ಪಾರ್ಕಿಗೆ ಹೋಗಿ ಮಲಗಿ ನಿದ್ದೆ ಮಾಡುವುದು. ಕೇಳಿದಾಗ ನಕ್ಕಿದ್ದೆ, ಇದೆಂಥ ಹೋರಾಟ ಅಂತ. ಆಮೇಲೆ ಕುತೂಹಲ ತಡೆಯಲಿಲ್ಲ. ನಾನೂ ಅಂಗಡಿಯ ಸಹೋದ್ಯೋಗಿಯೂ ನಾವೇ ಒಂದು ಭಾನುವಾರ ಕಬ್ಬನ್ ಪಾರ್ಕಿಗೆ ಹೋದೆವು. ಭಾನುವಾರ ಅಲ್ಲಿ ವಾಹನ ಬಿಡುವುದಿಲ್ಲ. ಬಿದಿರು ಮೆಳೆಯ ಹತ್ತಿರ ಹಳೇ ಬೆಡ್‌ಶೀಟ್ ಹಾಸಿ, ಪುಳಿಯೋಗರೆ ತಿಂದು, ಮಲಗಿದೆವು. ಸುತ್ತಮುತ್ತ ಎಷ್ಟೋ ಗಂಡಸರು ಮುಖದ ಮೇಲೆ ಪೇಪರ್ ಹಾಕಿಕೊಂಡು ಮಲಗಿದ್ದರು. ಅವರನ್ನು ಯಾರೂ ನೋಡುತ್ತಿರಲಿಲ್ಲ. ನಮ್ಮನ್ನು ನೋಡಿದರು. ಒಬ್ಬರು ಹತ್ತಿರ ಬಂದು "ಹುಷಾರಿಲ್ವಾ ಅಮ್ಮಾ?" ಅಂತಲೂ ವಿಚಾರಿಸಿದರು. ಒಣ ಎಲೆ ಸರಕ್ ಅಂದರೂ ನನ್ನ ಕಣ್ಣು ತೆರೆದುಕೊಳ್ಳುತ್ತಿತ್ತು. ನನ್ನ ಜೊತೆಗಾರ್ತಿ ಮಾತ್ರ ಹತ್ತೇ ನಿಮಿಷಕ್ಕೆ ಗೊರಕೆ. ಅವಳು ಎದ್ದು ಮೈ ಮುರಿದು, "ಎಷ್ಟು ವರ್ಷ ಆಗಿತ್ತೇ ಹಿಂಗೆ ಮಲಗಿ" ಅಂದಳು. ನಾನು ಇಬ್ಬರ ಬ್ಯಾಗನ್ನೂ ಕಾಯುತ್ತಾ ಕೂತಿದ್ದೆ.

ನನಗೆ ನಿದ್ದೆ ಬಂದದ್ದು ಬೇರೆ ಕಡೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಅಂತ. ಅದನ್ನು ತಂದದ್ದು ದುಡ್ಡು ಉಳಿಯಲಿ ಅಂತ. ಆದರೆ ಊರಿನ ಕೆಂಪು ಬಸ್ಸು ಹತ್ತಿದಾಗ ನನಗೆ ಮೊದಲು ಕಂಡದ್ದು ಬರೀ ಸೀರೆ, ಚೂಡಿದಾರ, ನೈಟಿ ಮೇಲೊಂದು ಟವೆಲ್ಲು. ಮುಂದಿನ ಬಾಗಿಲಿನಿಂದ ಹಿಂದಿನ ಸೀಟಿನವರೆಗೂ ಹೆಂಗಸರೇ. ತಳ್ಳಾಟ ಇಲ್ಲ ಅಂತಲ್ಲ, ಸೀಟಿಗೆ ಜಗಳವೂ ಜೋರು. ಒಬ್ಬಾಕೆ ನನ್ನ ಕಾಲು ತುಳಿದು ನನ್ನನ್ನೇ ಬೈದರು. ಆದರೆ ಆ ನೂಕಿನಲ್ಲಿ ನನ್ನ ಮೊಣಕೈ ಒಳಗೇ ಇತ್ತು. ಯಾವ ಕೈ ಯಾರದು ಅಂತ ಲೆಕ್ಕ ಹಾಕುತ್ತಿರಲಿಲ್ಲ. ಕಾಟ ನಿಂತೇ ಹೋಯಿತು ಅಂತ ನಾನು ಹೇಳುವುದಿಲ್ಲ, ರಾತ್ರಿಯ ಖಾಲಿ ಬಸ್ಸು ಇವತ್ತಿಗೂ ಖಾಲಿ ಬಸ್ಸೇ. ಹಗಲಿನ ತುಂಬಿದ ಬಸ್ಸಿನ ಮಾತು ಹೇಳುತ್ತಿದ್ದೇನೆ.

ಹೋದ ಗೌರಿ ಹಬ್ಬಕ್ಕೆ ಊರಿಗೆ ಹೊರಟಿದ್ದೆ. ಅರಸೀಕೆರೆ ಬಸ್ಸು. ನೆಲಮಂಗಲ ದಾಟಿದ್ದು ನೆನಪಿದೆ. ಪಕ್ಕದಲ್ಲಿ ಕೂತ ಅಜ್ಜಿಯ ಹೆಗಲಿಗೆ ತಲೆ ಯಾವಾಗ ಒರಗಿತೋ ಗೊತ್ತಿಲ್ಲ. ಎಚ್ಚರ ಆದಾಗ ಬಸ್ಸು ನಿಟ್ಟೂರಿನಲ್ಲಿ ನಿಂತಿತ್ತು. ಗುಬ್ಬಿ ಹಿಂದೆ ಹೋಗಿತ್ತು.

"ಗುಬ್ಬಿ ಗುಬ್ಬಿ ಅಂತ ಬಡ್ಕಂಡೆ ಅಕ್ಕಾ, ಎದ್ದೇಳ್ಲೇ ಇಲ್ವಲ್ಲ ನೀವು" ಅಂತ ಕಂಡಕ್ಟರ್ ಸಿಡುಕಿದ. ಅಜ್ಜಿ "ಮಗ ಸುಸ್ತಾಗಿತ್ತು ಬಿಡಪ್ಪ" ಅಂದರು. ಇಳಿದು ಅಮ್ಮನಿಗೆ ಫೋನ್ ಮಾಡಿದೆ.

"ಬಸ್ಸಲ್ಲಿ? ನಿದ್ದೆ ಹೋದ್ಯಾ?" ಅವಳಿಗೆ ನಂಬಿಕೆಯೇ ಬರಲಿಲ್ಲ. ಬ್ಯಾಗ್ ಇದೆಯಾ, ಸರ ಇದೆಯಾ ಅಂತ ಎಲ್ಲಾ ವಿಚಾರಿಸಿದಳು. ಎಲ್ಲಾ ಇತ್ತು. ಎದುರಿನಿಂದ ಬಂದ ತುಮಕೂರಿನ ಬಸ್ಸು ಹತ್ತಿ, ಮತ್ತೆ ಆಧಾರ್ ತೋರಿಸಿ, ಇನ್ನೊಂದು ಶೂನ್ಯ ಟಿಕೆಟ್ ತೆಗೆದುಕೊಂಡೆ.