ಜೂನ್ 6ಕ್ಕೆ ನಾನು ಮಲ್ಪೆಯಲ್ಲಿ ತೆಗೆಯದ ಫೋಟೊ

ಕೆಲವು ವರ್ಷದ ಹಿಂದಿನ ಮಾತು. ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಫೋನ್ ಬಂತು. ನಾನು ಫೋಟೊ ಕೊಟ್ಟಿದ್ದ ಒಂದು ಪ್ರವಾಸಿ ಪುಸ್ತಿಕೆಯ ಸಂಪಾದಕರು. ‘ಮಲ್ಪೆಯಿಂದ ಒಬ್ಬರು ಕರೆ ಮಾಡಿದ್ದರು. ಬೋಟಿನ ಮಾಲೀಕರಂತೆ. ನಿಮ್ಮ ನಂಬರ್ ಕೇಳ್ತಿದ್ದಾರೆ, ಕೊಡಲಾ?’ ಅಂದರು. ಫೋಟೊ ಇಷ್ಟ ಆಗಿರಬೇಕು, ಪ್ರಿಂಟ್ ಬೇಕಿರಬೇಕು ಅಂದುಕೊಂಡೆ. ಕೊಡಿ ಅಂದೆ.

ಹತ್ತೇ ನಿಮಿಷಕ್ಕೆ ಅವರ ಫೋನ್.

‘ಜೂನ್ ಆರಕ್ಕೆ ನನ್ನ ಬೋಟ್ ಮೀನು ಇಳಿಸ್ತಾ ಇತ್ತು ಅಂತ ನಿಮಗೆ ಹೇಳಿದ್ದು ಯಾರು ಮಾರಾಯ್ರೆ?’

ನನಗೆ ಮೊದಲು ಅರ್ಥವೇ ಆಗಲಿಲ್ಲ. ಪುಸ್ತಿಕೆ ತೆಗೆದು ನೋಡಿದೆ. ಎರಡು ಪುಟಕ್ಕೆ ಹರಡಿದ್ದ ದೊಡ್ಡ ಫೋಟೊ. ನೀಲಿ ಬಣ್ಣದ ಬೋಟ್, ಬುಟ್ಟಿ ಬುಟ್ಟಿ ಬಂಗುಡೆ, ಮೇಲೆ ಹಕ್ಕಿಗಳ ಹಿಂಡು. ಬೋಟಿನ ಮೂತಿಯ ಮೇಲೆ ನೋಂದಣಿ ಸಂಖ್ಯೆ ಕನ್ನಡಕ ಇಲ್ಲದೆ ಓದುವಷ್ಟು ಸ್ಪಷ್ಟ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮಲ್ಪೆ ಬಂದರು, ಜೂನ್ 6’.

ಕರಾವಳಿಯವರಿಗೆ ಇಷ್ಟು ಹೇಳಿದರೆ ಸಾಕು. ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅದು. ಕಡಲೂ ಎದ್ದಿರುತ್ತದೆ. ಸಣ್ಣ ನಾಡದೋಣಿಯವರಿಗೆ ಮಾತ್ರ ಅವಕಾಶ. ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಬಲೆ ಹೊಲಿಯುವುದು, ಎಂಜಿನ್ ಬಿಚ್ಚುವುದು, ಬಣ್ಣ ಹೊಡೆಯುವುದು ಎಲ್ಲ ಆಗಲೇ. ನಿಷೇಧ ಮುರಿದರೆ ದಂಡ, ಜೊತೆಗೆ ಡೀಸೆಲ್ ಸಬ್ಸಿಡಿಗೂ ಕತ್ತರಿ. ನಾನು ಆ ಮನುಷ್ಯನ ಬೋಟನ್ನು ನಿಷೇಧದ ಆರನೇ ದಿನ, ತುಂಬಿದ ಬುಟ್ಟಿಗಳ ಜೊತೆ, ನಂಬರ್ ಸಮೇತ ಅಚ್ಚು ಹಾಕಿಸಿದ್ದೆ.

‘ಬಂದರಿನಲ್ಲಿ ಎಲ್ಲರೂ ತಮಾಷೆ ಮಾಡ್ತಿದ್ದಾರೆ. ನಾಳೆ ಆಫೀಸಿನವರು ತಮಾಷೆ ಮಾಡುವುದಿಲ್ಲ’ ಅಂದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ನಾನು ಮಲ್ಪೆಗೆ ಹೋಗಿದ್ದು ಮಾರ್ಚ್‌ನಲ್ಲಿ. ಅದು ನನಗೆ ಚೆನ್ನಾಗಿ ನೆನಪಿತ್ತು. ಹಾಗಾದರೆ ಈ ಜೂನ್ ಎಲ್ಲಿಂದ ಬಂತು?

ಸಂಪಾದಕರನ್ನು ಕೇಳಿದೆ. ‘ನಿಮ್ಮ ಫೈಲಿನಲ್ಲೇ ಇತ್ತಲ್ಲ ಸಾರ್’ ಅಂದರು. ಲ್ಯಾಪ್‌ಟಾಪ್ ತೆರೆದು ನೋಡಿದೆ, ಇತ್ತು. ಆ ಪ್ರವಾಸದ ಆರುನೂರು ಚಿಲ್ಲರೆ ಫೋಟೊಗಳ ಮೇಲೂ ಜೂನ್ ಅಂತಲೇ ಇತ್ತು.

ಆಗಿದ್ದು ಇಷ್ಟು. ಕ್ಯಾಮೆರಾ ಆಗಷ್ಟೇ ರಿಪೇರಿಯಿಂದ ಬಂದಿತ್ತು. ಗಡಿಯಾರ ಸೊನ್ನೆಗೆ ಹೋಗಿತ್ತು. ಮಾರ್ಚ್ 6, ಭಾನುವಾರ, ಬೆಳಿಗ್ಗೆ ಆರು ಗಂಟೆಗೆ ಜಯನಗರದಲ್ಲಿ ಕಾರಿನೊಳಗೆ ಕೂತು ತಾರೀಖು ಹಾಕಿದೆ. ಒಂದು ಕೈಯಲ್ಲಿ ಕಾಫಿ ಲೋಟ. ಪರದೆಯ ಮೇಲೆ ಪುಟ್ಟ ಪುಟ್ಟ ಮೂರು ಚೌಕ. ನಮ್ಮ ಕೈಗೆ ಮೊದಲು ದಿನ, ಆಮೇಲೆ ತಿಂಗಳು ಬರೆದೇ ಅಭ್ಯಾಸ. ಆ ಕ್ಯಾಮೆರಾದಲ್ಲಿ ಮೊದಲು ತಿಂಗಳು. 06 ಅಂತ ಒತ್ತಿದೆ, 03 ಅಂತ ಒತ್ತಿದೆ, ಓಕೆ ಕೊಟ್ಟೆ. ಮಾರ್ಚ್ 6 ಹೋಗಿ ಜೂನ್ 3 ಆಯಿತು. ಅವತ್ತು 13ನೇ ತಾರೀಖಾಗಿದ್ದರೆ ಕ್ಯಾಮೆರಾನೇ ಬೇಡ ಅನ್ನುತ್ತಿತ್ತು, 13ನೇ ತಿಂಗಳು ಅಂತ ಇಲ್ಲವಲ್ಲ. ನನ್ನ ಗ್ರಹಚಾರ, ಆರನೇ ತಾರೀಖು. ಮೂರು ದಿನ ಕಳೆದು ಮಲ್ಪೆಗೆ ಬರುವ ಹೊತ್ತಿಗೆ ಜೂನ್ 6.

ಗಡಿಯಾರ ತಪ್ಪಾಗುವುದು ದೊಡ್ಡ ವಿಷಯವೇನಲ್ಲ. ಈ ಕೆಲಸದಲ್ಲಿರುವ ಎಲ್ಲರಿಗೂ ಒಂದಲ್ಲ ಒಂದು ಸಲ ಆಗುತ್ತದೆ. ನನಗೆ ನಾಚಿಕೆಯಾಗಿದ್ದು ಬೇರೆ ಕಾರಣಕ್ಕೆ. ಅಚ್ಚಿಗೆ ಹೋಗುವ ಮುಂಚೆ ಪುಟಗಳನ್ನು ನನಗೆ ಕಳಿಸಿದ್ದರು. ನಾನು ಅರ್ಧ ಗಂಟೆ ಕೂತು ಬೋಟಿನ ನೀಲಿ ಜಾಸ್ತಿ ಆಯ್ತಾ, ಬಂಗುಡೆಯ ಬೆಳ್ಳಿ ಬಣ್ಣ ಸರಿ ಬಂತಾ ಅಂತ ನೋಡಿದೆ. ಕೆಳಗಿನ ಸಾಲನ್ನು ಓದಲೇ ಇಲ್ಲ. ಅಕ್ಷರ ಅವರ ಕೆಲಸ, ಬಣ್ಣ ನನ್ನ ಕೆಲಸ ಅನ್ನುವ ಸೊಕ್ಕು.

ಅವತ್ತು ರಾತ್ರಿ ಆರುನೂರು ಫೋಟೊಗಳನ್ನೂ ಮತ್ತೆ ಒಂದೊಂದಾಗಿ ತೆರೆದೆ. ಫೈಲಿನ ತಾರೀಖು ಮುಚ್ಚಿಟ್ಟು, ಬರೀ ಚಿತ್ರ ನೋಡಿ ಇದು ಯಾವ ತಿಂಗಳು ಅಂತ ಹೇಳೋಕಾಗುತ್ತಾ ಎಂದು ನೋಡುತ್ತಾ ಹೋದೆ.

ಮೊದಲ ಫೋಟೊ ಜಯನಗರದ್ದೇ. ರಸ್ತೆ ತುಂಬ ಹಳದಿ ಟಬೂಬಿಯಾ. ಮರದಲ್ಲಿ ಒಂದು ಎಲೆ ಇಲ್ಲ, ಬರೀ ಹೂವು. ಕೆಳಗೆ ನಿಂತ ಸ್ಕೂಟರ್ ಸೀಟಿನ ಮೇಲೂ ಹೂವು. ಬೆಂಗಳೂರಲ್ಲಿ ಒಂದು ವರ್ಷ ಇದ್ದವರಿಗೂ ಗೊತ್ತು, ಇದು ಫೆಬ್ರವರಿ, ಮಾರ್ಚ್‌ನ ಹೂವು. ಗುಲ್‌ಮೊಹರ್ ಆಮೇಲೆ, ಏಪ್ರಿಲ್ ಕಳೆಯುತ್ತಾ ಕೆಂಪಾಗುತ್ತದೆ. ವರ್ಷವಿಡೀ ಒಂದಾದ ಮೇಲೊಂದು ಮರ ಹೂ ಬಿಡಬೇಕು ಅನ್ನುವ ಯೋಚನೆ 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ಕೃಂಬಿಗಲ್ ಅವರದ್ದು ಅನ್ನುತ್ತಾರೆ. ಇಡೀ ಊರಿಗೇ ಕ್ಯಾಲೆಂಡರ್ ನೆಟ್ಟು ಹೋಗಿದ್ದಾರೆ. ನಾನು ಅದರ ಕೆಳಗೇ ಕೂತು ತಾರೀಖು ತಪ್ಪು ಹಾಕಿದೆ.

ಎರಡನೇ ಗುಂಪು ಹದಿನಾರು ಅನ್ನುವ ಊರಿನ ಕೆರೆಯದ್ದು. ನಂಜನಗೂಡು ತಾಲೂಕಿನಲ್ಲಿದೆ. ಅಲ್ಲಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಯಾರೋ ಕಾಡಿಗೆ ಬೆರಳಲ್ಲಿ ಎಳೆದ ಹಾಗೆ. ಬೇಸಿಗೆ ಏರುವ ಹೊತ್ತಿಗೆ ವಾಪಸ್ ಹೊರಡುತ್ತವೆ. ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾ ಕಡೆ ಹೋಗಿ ಅಲ್ಲಿ ಮೊಟ್ಟೆ ಇಡುತ್ತವೆ. ಜೂನ್‌ನಲ್ಲಿ ಹದಿನಾರು ಕೆರೆಯಲ್ಲಿ ಹೆಬ್ಬಾತಿನ ಹಿಂಡು ಅಂದರೆ ಹಕ್ಕಿ ನೋಡುವವರು ನನ್ನನ್ನು ಊರು ಬಿಡಿಸುತ್ತಿದ್ದರು. ಪುಣ್ಯಕ್ಕೆ ಆ ಫೋಟೊ ಪುಸ್ತಿಕೆಗೆ ಆಯ್ಕೆಯಾಗಿರಲಿಲ್ಲ.

ಅದೇ ಸಂಜೆ ಮೈಸೂರು ಅರಮನೆಯ ದೀಪ. ಅದರಿಂದ ಏನೂ ಸಿಗಲಿಲ್ಲ. 97 ಸಾವಿರದಷ್ಟು ಬಲ್ಬಿಗೆ ಮಾರ್ಚೂ ಒಂದೇ, ಜೂನೂ ಒಂದೇ.

ಕಬಿನಿ ಹಿನ್ನೀರಿನ ಫೋಟೊ ಮಾತ್ರ ಬಾಯಿಬಿಟ್ಟು ಹೇಳುತ್ತಿತ್ತು. ಆನೆಗಳ ಒಂದು ಕುಟುಂಬ, ಒಂದು ಮರಿ ಅಮ್ಮನ ಹೊಟ್ಟೆಯ ಕೆಳಗೆ. ನಾನು ಅವತ್ತು ನೋಡಿದ್ದು ಆ ಮರಿಯನ್ನೇ. ಸಫಾರಿ ಜೀಪಿನಲ್ಲಿ ಬೀನ್ ಬ್ಯಾಗ್ ಮೇಲೆ ಲೆನ್ಸ್ ಇಟ್ಟು, ಉಸಿರು ಹಿಡಿದು, ಮರಿ ಸೊಂಡಿಲು ಎತ್ತಲಿ ಅಂತ ಕಾಯುತ್ತಿದ್ದೆ. ಹಿಂದೆ ಏನಿದೆ ಅಂತ ನೋಡಿರಲಿಲ್ಲ. ಈಗ ನೋಡಿದರೆ ಹಿಂದಿನ ತೇಗದ ಮರಗಳಲ್ಲಿ ಎಲೆ ಇಲ್ಲ. ಬೂದು ಬಣ್ಣದ ಕಡ್ಡಿಗಳು ನಿಂತ ಹಾಗೆ. ನೀರು ಹಿಂದೆ ಸರಿದ ಜಾಗದಲ್ಲಿ ಎಳೇ ಹುಲ್ಲು. ಬೇಸಿಗೆಯಲ್ಲಿ ಆನೆಗಳು ಗುಂಪು ಗುಂಪಾಗಿ ಅಲ್ಲಿಗೆ ಬರುವುದೇ ಆ ಹುಲ್ಲಿಗೆ, ನೀರಿಗೆ. ಜೂನ್ ಬಂದರೆ ವಯನಾಡಿನಲ್ಲಿ ಮಳೆ ಹಿಡಿಯುತ್ತದೆ, ನದಿ ಏರುತ್ತದೆ, ಆ ಹುಲ್ಲಿನ ಬಯಲೇ ನೀರಿನೊಳಗೆ ಹೋಗುತ್ತದೆ. ತೇಗ ಹಸಿರಾಗುತ್ತದೆ. ನಮ್ಮ ಜೀಪಿನ ಡ್ರೈವರ್‌ಗೆ ಆ ಫೋಟೊ ತೋರಿಸಿದ್ದರೆ ತಿಂಗಳಲ್ಲ, ವಾರ ಹೇಳುತ್ತಿದ್ದರು.

ಕೊನೆಗೆ ಮಲ್ಪೆ. ಆ ಬೆಳಗು ನನಗೆ ಮರೆಯುವ ಹಾಗೇ ಇಲ್ಲ, ಯಾಕೆಂದರೆ ಮೊದಲ ಇಪ್ಪತ್ತೈದು ನಿಮಿಷ ನಾನು ಒಂದೂ ಫೋಟೊ ತೆಗೆಯಲಿಲ್ಲ. ರಾತ್ರಿಯಿಡೀ ಕ್ಯಾಮೆರಾ ಲಾಡ್ಜಿನ ಎಸಿ ರೂಮಿನಲ್ಲಿತ್ತು. ಬೆಳಿಗ್ಗೆ ಆರೂವರೆಗೆ ಬಂದರಿಗೆ ಬಂದು ಚೀಲ ತೆರೆದೆ, ಲೆನ್ಸಿನ ಮೇಲೆ ಬಿಳೀ ಮಂಜು. ಒರೆಸಿದೆ, ಮತ್ತೆ ಕೂತಿತು. ತಣ್ಣಗಿನ ಗಾಜಿನ ಮೇಲೆ ಕಡಲಿನ ಸೆಕೆ ಗಾಳಿ ಬಿದ್ದರೆ ಹಾಗೇ ಆಗೋದು. ಒರೆಸಿದಷ್ಟೂ ಕೊಳೆಯಾಗುತ್ತದೆ. ಗಾಜು ಬೆಚ್ಚಗಾಗುವ ತನಕ ಕಾಯಬೇಕು, ಬೇರೆ ದಾರಿ ಇಲ್ಲ. ಈಗೆಲ್ಲ ಕರಾವಳಿಗೆ ಹೋದರೆ ಎಸಿ ಹಾಕುವುದೇ ಇಲ್ಲ. ಹಾಕಿದರೂ ಹೊರಗೆ ಬರುವ ಮುಂಚೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಬಿಗಿದು ತರುತ್ತೇನೆ. ಮಂಜು ಕವರಿನ ಮೇಲೆ ಕೂರುತ್ತದೆ, ಕೂರಲಿ. ಅವತ್ತು ಮಾತ್ರ ಚಹಾ ಕುಡಿಯುತ್ತಾ ನಿಂತೆ. ಸುಮ್ನೆ ನಿಂತ ಆ ಹೊತ್ತಿನಲ್ಲೇ ಆ ನೀಲಿ ಬೋಟ್ ಒಳಗೆ ಬಂದದ್ದು. ಐಸ್ ಪುಡಿ ಮಾಡುವ ಸದ್ದು, ಬುಟ್ಟಿ ಎಸೆಯುವ ಸದ್ದು, ಹೆಂಗಸರು ತುಳುವಿನಲ್ಲಿ ದರಕ್ಕೆ ಜಗಳ ಆಡುವ ಸದ್ದು. ಲೆನ್ಸ್ ತಿಳಿಯಾಗುವಷ್ಟರಲ್ಲಿ ಸೂರ್ಯ ಏರಿತ್ತು, ಮೀನಿನ ಮೇಲೆ ಬೆಳಕು ಬಿದ್ದಿತ್ತು.

ಆ ಫೋಟೊವನ್ನು ರಾತ್ರಿ ದೊಡ್ಡದು ಮಾಡಿ ನೋಡಿದೆ. ಬೋಟಿನ ಮೇಲೆ ಹಾರುತ್ತಿದ್ದವು ಗರುಡ ಅಂತ ನಾನು ಅಂದುಕೊಂಡಿದ್ದೆ. ಗರುಡ ಎರಡೇ ಇದ್ದವು. ಉಳಿದವೆಲ್ಲ ಕಂದು ತಲೆಯ ಗಲ್. ಇವೂ ಚಳಿಗಾಲದ ಅತಿಥಿಗಳೇ, ಲಡಾಖ್, ಟಿಬೆಟ್ ಕಡೆಯಿಂದ ಬರುವಂಥವು. ಚಳಿಗಾಲ ಪೂರ್ತಿ ತಲೆ ಬೆಳ್ಳಗಿರುತ್ತದೆ, ಕಿವಿಯ ಹತ್ತಿರ ಒಂದು ಚುಕ್ಕಿ ಅಷ್ಟೇ. ಊರಿಗೆ ಹೊರಡುವ ಕಾಲಕ್ಕೆ ತಲೆಗೆ ಕಂದು ಟೋಪಿ ಬೆಳೆಯುತ್ತದೆ. ನನ್ನ ಫೋಟೊದಲ್ಲಿ ಒಂದು ಗಲ್ ಸರಿಯಾಗಿ ಬೋಟಿನ ನಂಬರಿನ ಮೇಲೇ ಇತ್ತು. ಅದರ ತಲೆ ಅರ್ಧ ಬಿಳಿ, ಅರ್ಧ ಕಂದು. ಟೋಪಿ ಹಾಕಿಕೊಳ್ಳುತ್ತಿರುವಾಗಲೇ ಸಿಕ್ಕಿಬಿದ್ದ ಹಾಗೆ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಹಿಂದೆ ಕಾಣುವ ಕಡಲಂತೂ ತಟ್ಟೆಯ ಹಾಗೆ ಮಟ್ಟಸ. ಜೂನ್‌ನ ಮಲ್ಪೆ ಕಡಲು ಹಾಗಿರುವುದುಂಟಾ? ಆಗ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಯನ್ನೇ ನಿಲ್ಲಿಸುತ್ತಾರೆ.

ಇಷ್ಟೆಲ್ಲ ನನ್ನ ಕಣ್ಣ ಮುಂದೆಯೇ ಇತ್ತು. ಫೋಟೊ ತೆಗೆದವನು ನಾನೇ. ಆದರೆ ನಾನು ಅದನ್ನು ಓದಿರಲಿಲ್ಲ.

ಗಲ್ ಹಕ್ಕಿಯ ತಲೆ ನಮಗೆ ಸಾಕ್ಷಿಯಾದರೂ ಮೀನುಗಾರಿಕೆ ಇಲಾಖೆಗೆ ಸಾಲದು. ಹಾಗಾಗಿ ಕಾಗದ ಹುಡುಕಿದೆ. ಫೋನಿನಲ್ಲಿ ಅವತ್ತಿನ ಚಹಾ ಲೋಟದ ಫೋಟೊ ಸಿಕ್ಕಿತು, ಮಾರ್ಚ್ 9, ಜಾಗದ ಸಮೇತ. ಮಂಜು ಹಿಡಿದ ಲೆನ್ಸಿನ ಮೇಲಿನ ಸಿಟ್ಟಿಗೆ ತೆಗೆದದ್ದು. ಹಿಂದಿನ ರಾತ್ರಿ ಹೆಜಮಾಡಿ ಟೋಲ್ ದಾಟಿದ ಫಾಸ್ಟ್ಯಾಗ್ ಮೆಸೇಜ್ ಸಿಕ್ಕಿತು. ಲಾಡ್ಜಿನ ಬಿಲ್ ಸಿಕ್ಕಿತು. ಎಲ್ಲವನ್ನೂ ಸೇರಿಸಿ, ತಪ್ಪು ನನ್ನದು ಎಂದು ಬರೆದು, ಸಹಿ ಹಾಕಿ ಬೋಟಿನವರಿಗೆ ಕಳಿಸಿದೆ. ಸಂಪಾದಕರೂ ಒಂದು ಪತ್ರ ಕೊಟ್ಟರು, ಮಾರಾಟಕ್ಕೆ ಹೋಗದೆ ಉಳಿದಿದ್ದ ಪ್ರತಿಗಳಿಗೆ ತಿದ್ದುಪಡಿ ಚೀಟಿ ಅಂಟಿಸಿದರು. ಆ ಚೀಟಿಯ ಖರ್ಚು ನನ್ನ ಬಿಲ್ಲಿನಲ್ಲಿ ಕಡಿತ. ನ್ಯಾಯವೇ.

ಕೆಲಸದ ರೀತಿ ಆಮೇಲೆ ಸ್ವಲ್ಪ ಬದಲಾಯಿತು. ಎಲ್ಲೇ ಹೋಗಲಿ, ದಿನದ ಮೊದಲ ಫೋಟೊ ನನ್ನ ಫೋನಿನ ಗಡಿಯಾರದ್ದು. ತಾರೀಖು, ಸಮಯ ಎರಡೂ ಕಾಣುವ ಹಾಗೆ. ಕ್ಯಾಮೆರಾ ತಪ್ಪಿದರೆ ಆ ಒಂದು ಫೋಟೊ ಹಿಡಿದು ಸಾಫ್ಟ್‌ವೇರ್‌ನಲ್ಲಿ ಇಡೀ ದಿನದ ಸಮಯವನ್ನು ಒಂದೇ ಸಲ ಸರಿಸಬಹುದು. ಎರಡು ಕ್ಯಾಮೆರಾ ಇದ್ದರೆ ಎರಡರಲ್ಲೂ ಅದೇ ಪರದೆಯನ್ನು ತೆಗೆಯುತ್ತೇನೆ. ಜೇಬಿನಲ್ಲಿ ನಲವತ್ತು ಪುಟದ ನೋಟ್‌ಬುಕ್ ಇರುತ್ತದೆ. ತಿಂಗಳನ್ನು ಅಂಕಿಯಲ್ಲಿ ಬರೆಯುವುದಿಲ್ಲ, ‘ಮಾರ್ಚ್’ ಅಂತ ಅಕ್ಷರದಲ್ಲೇ ಬರೆಯುತ್ತೇನೆ. ಜೊತೆಗೆ ಯಾವ ಮರ ಹೂ ಬಿಟ್ಟಿದೆ, ನೀರು ಎಲ್ಲಿದೆ, ಯಾವ ಮೀನು ಜಾಸ್ತಿ ಬಂತು, ಇಂಥದ್ದು ಎರಡು ಸಾಲು. ಮೊದಮೊದಲು ಬೇಜಾರಾಗುತ್ತಿತ್ತು. ಈಗ ಆ ಎರಡು ಸಾಲಿಗೋಸ್ಕರ ಹಿನ್ನೆಲೆ ನೋಡುತ್ತೇನೆ, ಹಿನ್ನೆಲೆ ನೋಡಿದ್ದಕ್ಕೆ ಫೋಟೊನೂ ಸ್ವಲ್ಪ ಸುಧಾರಿಸಿದೆ ಅನ್ನಿಸುತ್ತದೆ. ಅಚ್ಚಿಗೆ ಹೋಗುವ ಪುಟ ಬಂದರೆ ಮೊದಲು ಓದುವುದು ಕೆಳಗಿನ ಸಾಲು. ಬೋಟಿನ ನಂಬರ್, ಅಂಗಡಿಯ ಬೋರ್ಡ್, ಜನರ ಮುಖ, ಹಕ್ಕಿಯ ಗೂಡು ಇರುವ ಮರ, ಇವು ಚಿತ್ರದಲ್ಲಿದ್ದರೆ ಇನ್ನೊಂದು ಸಲ ಓದುತ್ತೇನೆ. ಗೂಡಿನ ಫೋಟೊ ಆದರೆ ಫೈಲಿನಿಂದ ಜಾಗದ ವಿವರ ತೆಗೆದೇ ಕಳಿಸುತ್ತೇನೆ.

ಬೋಟಿನವರಿಗೆ ಕೊನೆಗೆ ತೊಂದರೆ ಆಗಲಿಲ್ಲ. ಯಾರೋ ಬಂದು ಕೇಳಿದರಂತೆ, ಕಾಗದ ತೋರಿಸಿದರಂತೆ, ಮುಗಿಯಿತಂತೆ. ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಕಡಲಿಗೆ ಇಳಿದ ಮೇಲೆ ನಾನೇ ಮಲ್ಪೆಗೆ ಹೋದೆ, ಕ್ಷಮೆ ಕೇಳೋಕೆ. ಆ ಫೋಟೊದ ದೊಡ್ಡ ಪ್ರಿಂಟ್ ಒಂದನ್ನು ಫ್ರೇಮ್ ಹಾಕಿಸಿ ಒಯ್ದಿದ್ದೆ. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಲೆಯ ಹತ್ತಿರ ಬಗ್ಗಿ ನಿಂತವನು ಯಾರು ಅಂತ ಹೆಸರು ಹೇಳಿದರು. ಅವನು ಈಗ ಬೇರೆ ಬೋಟಿನಲ್ಲಿದ್ದಾನಂತೆ.

ಆಮೇಲೆ ಫ್ರೇಮನ್ನು ನನ್ನ ಕೈಗೇ ವಾಪಸ್ ಕೊಟ್ಟರು.

‘ಚಂದ ಉಂಟು. ಆದರೆ ಕೆಳಗೆ ತಾರೀಖು ಹಾಕಿಸಿ ತನ್ನಿ. ದಪ್ಪ ಅಕ್ಷರದಲ್ಲಿ.’

ಉಡುಪಿಯ ಒಂದು ಪ್ರಿಂಟ್ ಅಂಗಡಿಯಲ್ಲಿ ಒಂದು ಗಂಟೆ ಕೂತು ಹಾಕಿಸಿಕೊಂಡು ಬಂದೆ.