"ಬರೀ ಮೂವತ್ತೆಂಟು ಸಾವಿರ ಓಡಿರೋ ಗಾಡಿ ಸಾರ್"

ಮೊನ್ನೆ ಸ್ಟಾಫ್ ರೂಮಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು ಮೊಬೈಲು ಮುಂದೆ ಹಿಡಿದು ಕೇಳಿದರು, "ಮೇಡಂ, ಎಪ್ಪತ್ತೆರಡು ಸಾವಿರ ಓಡಿದೆಯಂತೆ. ಕ್ಲಚ್ ಇನ್ನೆಷ್ಟು ದಿನ ಬರಬಹುದು?" ಅರಸೀಕೆರೆಯಲ್ಲಿ ಯಾರೋ ಮಾರ್ತಾ ಇರೋ ಸೆಕೆಂಡ್ ಹ್ಯಾಂಡ್ ಕಾರು. ಎಂಟು ಫೋಟೋ ಕಳಿಸಿದ್ದರು. ತೊಳೆದು, ಪಾಲಿಶ್ ಹೊಡೆದು, ಟೈರಿಗೂ ಕಪ್ಪು ಬಳಿದು ನಿಲ್ಲಿಸಿದ್ದ ಗಾಡಿ. ಎಂಟರಲ್ಲಿ ಒಂದೂ ಪೆಡಲಿನ ಫೋಟೋ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ನಾನು ಅಪ್ಪನಿಗೆ ಕೇಳಿದ್ದೆ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಮೂವತ್ತೊಂದು ವರ್ಷ ಡ್ರೈವರ್ ಆಗಿದ್ದವರು. ಅದರಲ್ಲಿ ಮುಕ್ಕಾಲು ಪಾಲು ಹಾಸನದಿಂದ ಶಿರಾಡಿ ಘಾಟಿ ಇಳಿದು ಧರ್ಮಸ್ಥಳ, ಮಂಗಳೂರು. ಇಷ್ಟು ವರ್ಷ, ಇಷ್ಟು ಕಿಲೋಮೀಟರ್ ಅಂತ ಏನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ತಿರುಗಿ ನನ್ನನ್ನೇ ಕೇಳಿದರು: "ಯಾರು ಓಡ್ಸಿದ್ದು?"

ಆಗ ಅದು ತಲೆಗೆ ಹೋಗಲಿಲ್ಲ. ಪಿಯುಸಿ ಮಕ್ಕಳಿಗೆ ವರ್ಷ ವರ್ಷ ಘರ್ಷಣೆಯ ಪಾಠ ಮಾಡುವವಳು ನಾನು, ಆದರೂ ಹೋಗಲಿಲ್ಲ. ನನ್ನ ಕಣ್ಣೆಲ್ಲ ಮೀಟರಿನ ಮೇಲೇ. ಹಾಗಾಗಿ ಮೊದಲು ನೋಡಲು ಹೋಗಿದ್ದು ಬೆಂಗಳೂರಿನ ಗಾಡಿ. ಕೆಎ-53, ಅಂದರೆ ಕೆ.ಆರ್. ಪುರದ ರಿಜಿಸ್ಟ್ರೇಷನ್. ಐದು ವರ್ಷದ ಗಾಡಿ, ಒಬ್ಬರೇ ಓನರ್, ಸರ್ವಿಸ್ ಬಿಲ್ಲುಗಳೆಲ್ಲ ಜೋಡಿಸಿಟ್ಟ ಫೈಲು. "ಬರೀ ಮೂವತ್ತೆಂಟು ಸಾವಿರ ಓಡಿರೋ ಗಾಡಿ ಸಾರ್, ಹೊಸಾದೇ ಅನ್ಕೊಳಿ" ಅಂತ ಡೀಲರ್ ಹುಡುಗ ಕೀಲಿ ಕೊಟ್ಟ. ಮೀಟರ್ ತಿರುಗಿಸಿದ್ದಾರೋ ಅಂತ ಬಿಲ್ಲುಗಳ ದಿನಾಂಕ, ಕಿಲೋಮೀಟರು ಎಲ್ಲ ತಾಳೆ ನೋಡಿದೆ. ಸುಳ್ಳಿರಲಿಲ್ಲ.

ಅಪ್ಪ ಬಾನೆಟ್ ಎತ್ತಲೂ ಇಲ್ಲ. ಡ್ರೈವರ್ ಕಡೆ ಬಾಗಿಲು ತೆಗೆದು ಕುಕ್ಕರಗಾಲಲ್ಲಿ ಕೂತು ಪೆಡಲು ನೋಡತೊಡಗಿದರು. ನನ್ನನ್ನೂ ಕರೆದು ತೋರಿಸಿದರು. ಬ್ರೇಕಿನ ರಬ್ಬರಿನ ಮೇಲೆ ಗೆರೆ ಗೆರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಕ್ಲಚ್ ರಬ್ಬರು ಮಾತ್ರ ಎಡಗಡೆ ಮೂಲೆಯಲ್ಲಿ ಸವೆದು ಹೊಳೆಯುತ್ತಿತ್ತು, ಹಳೇ ದೇವಸ್ಥಾನದ ಹೊಸಿಲಿನ ಹಾಗೆ. "ಆವಯ್ಯ ಕಾಲು ಇಲ್ಲೇ ಇಟ್ಕೊಂಡು ಐದು ವರ್ಷ ಆಫೀಸಿಗೆ ಹೋಗವ್ನೆ" ಅಂದರು.

ಆಮೇಲೆ ಚಪ್ಪಲಿ ಬಿಚ್ಚಿ ಹೊರಗಿಟ್ಟು ಸೀಟಲ್ಲಿ ಕೂತರು. ಅಪ್ಪ ಯಾವತ್ತೂ ಹೊಸ ಗಾಡಿಯ ಕ್ಲಚ್ಚನ್ನು ಬರಿಗಾಲಲ್ಲೇ ನೋಡುವುದು. ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದರು, ಸ್ಟಾರ್ಟ್ ಮಾಡಿದರು, ಮೂರನೇ ಗೇರಿಗೆ ಹಾಕಿದರು, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಬಿಡುತ್ತಾ ಬಂದರು. ಕ್ಲಚ್ ಸರಿಯಿದ್ದರೆ ಹಿಡಿದ ತಕ್ಷಣ ಇಂಜಿನ್ ಒದ್ದಾಡಿ ಆಫ್ ಆಗಬೇಕು. ಈ ಗಾಡಿ ಕಾಲು ಪೂರ್ತಿ ಬಿಟ್ಟ ಮೇಲೂ ಒಂದೆರಡು ಕ್ಷಣ ಗುರ್ ಅಂತ ಎಳೆದಾಡಿ ಆಮೇಲೆ ನಿಂತಿತು. ಡೀಲರ್ ಹುಡುಗ "ಇಂಜಿನ್ ಅಷ್ಟು ಪವರ್ ಇದೆ ಸಾರ್" ಅಂದ. ಅಪ್ಪ ನಕ್ಕರು.

ರಸ್ತೆಗೆ ತೆಗೆದುಕೊಂಡು ಹೋದಾಗ ಪೂರ್ತಿ ಗೊತ್ತಾಯಿತು. ಏರಿನಲ್ಲಿ ನಾಲ್ಕನೇ ಗೇರು, ನಲವತ್ತರ ಸ್ಪೀಡು, ಒಂದೇ ಸಲಕ್ಕೆ ಆಕ್ಸಿಲರೇಟರ್ ಅದುಮಿದರೆ ಇಂಜಿನ್ ಸದ್ದು ಮೇಲೆ ಹೋಯಿತು, ಗಾಡಿ ಮಾತ್ರ ನಲವತ್ತರಲ್ಲೇ. ಮೆಕ್ಯಾನಿಕ್‌ಗಳು "ಸ್ಲಿಪ್ ಹೊಡೀತಿದೆ" ಅನ್ನುವುದು ಇದಕ್ಕೇ. ಆ ಗಾಡಿಯಲ್ಲಿ ಆರ್‌ಪಿಎಂ ಮುಳ್ಳು (ಇಂಜಿನ್ ಎಷ್ಟು ವೇಗವಾಗಿ ಸುತ್ತುತ್ತಿದೆ ಅಂತ ತೋರಿಸುವುದು) ಇರಲಿಲ್ಲ, ಕಿವಿಯೇ ಗತಿ.

ಮೂವತ್ತೆಂಟು ಸಾವಿರಕ್ಕೆ ಕ್ಲಚ್ ಹೋಗುತ್ತದೆಯೇ ಅಂತ ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದೆ. ಕ್ಲಚ್ ಅಂದರೆ ಇಷ್ಟೇ. ಇಂಜಿನ್ ಜೊತೆ ಸುತ್ತುವ ಫ್ಲೈವೀಲ್ ಒಂದು ಕಡೆ, ಪ್ರೆಶರ್ ಪ್ಲೇಟ್ ಇನ್ನೊಂದು ಕಡೆ, ನಡುವೆ ಗೇರ್‌ಬಾಕ್ಸಿಗೆ ಸೇರಿದ ಕ್ಲಚ್ ಪ್ಲೇಟು, ಎರಡೂ ಮುಖಕ್ಕೆ ಉಜ್ಜುವ ಲೈನಿಂಗ್ ಹಚ್ಚಿದ್ದು. ಪೆಡಲ್ ತುಳಿದರೆ ಬಿಡಿಸಿಕೊಳ್ಳುತ್ತವೆ, ಕಾಲು ತೆಗೆದರೆ ಕಚ್ಚಿಕೊಳ್ಳುತ್ತವೆ. ಮೂರೂ ಕಚ್ಚಿಕೊಂಡು ಒಂದಾಗಿ ಸುತ್ತುವಾಗ ಉಜ್ಜಾಟವೇ ಇಲ್ಲ, ಸವೆತವೂ ಇಲ್ಲ. ಹೈವೇಯಲ್ಲಿ ಟಾಪ್ ಗೇರಿನಲ್ಲಿ ನೂರು ಕಿಲೋಮೀಟರ್ ಹೋದರೂ ಲೈನಿಂಗಿಗೆ ಅದು ಗೊತ್ತೇ ಆಗುವುದಿಲ್ಲ. ಸವೆಯುವುದು ನಿಂತ ಗಾಡಿ ಹೊರಡುವಾಗ, ಗೇರ್ ಬದಲಿಸುವಾಗ, ಪೆಡಲ್ ಅರ್ಧ ತುಳಿದುಕೊಂಡೇ ಹಾಫ್ ಕ್ಲಚ್ಚಿನಲ್ಲಿ ತೆವಳುವಾಗ.

ಲೆಕ್ಕ ಹಾಕಿದೆ (ಚಟ). ಜನ ಸೇರಿ ಒಂದು ಟನ್ ತೂಗುವ ಗಾಡಿ, ನಿಂತಲ್ಲಿಂದ ಹೊರಟು ಗಂಟೆಗೆ 10 ಕಿಲೋಮೀಟರ್ ವೇಗಕ್ಕೆ ಬರುವಾಗ ಕ್ಲಚ್ ಪೂರ್ತಿ ಕಚ್ಚಿತು ಅನ್ನಿ. ಗಾಡಿಗೆ ಸಿಕ್ಕ ಚಲನಶಕ್ತಿ ಸುಮಾರು 3,900 ಜೂಲ್. ಹೆಚ್ಚುಕಡಿಮೆ ಅಷ್ಟೇ ಶಾಖ ಕ್ಲಚ್ಚಿನಲ್ಲೂ ಹುಟ್ಟುತ್ತದೆ. ಒಂದು ಲೀಟರ್ ನೀರನ್ನು ಸುಮಾರು ಒಂದು ಡಿಗ್ರಿ ಬಿಸಿ ಮಾಡುವಷ್ಟು. ಎಪ್ಪತ್ತು ಸಲ ನಿಂತು ಹೊರಟರೆ ಡಿಕಾಕ್ಷನ್ನಿಗೆ ನೀರು ಕಾದಂತೆ. ಅದೂ ನಾಜೂಕಾಗಿ ಬಿಡುವವರ ಲೆಕ್ಕ. ಆಕ್ಸಿಲರೇಟರ್ ಅದುಮಿಕೊಂಡೇ ನಿಧಾನಕ್ಕೆ ಬಿಡುವವರದು, ಸೋಮಾರಿತನಕ್ಕೆ ಎರಡನೇ ಗೇರಿನಲ್ಲೇ ಎತ್ತುವವರದು ಇದರ ಎರಡು ಮೂರು ಪಟ್ಟು. ಟಿನ್ ಫ್ಯಾಕ್ಟರಿ, ಹೆಬ್ಬಾಳ, ಸಿಲ್ಕ್ ಬೋರ್ಡ್ ಕಡೆ ದಿನಾ ಓಡಾಡುವವರು ಎಷ್ಟು ಲೀಟರ್ ಕಾಯಿಸುತ್ತಾರೆ ಅಂತ ಅವರೇ ಲೆಕ್ಕ ಹಾಕಿಕೊಳ್ಳಲಿ.

ಎರಡನೇ ಗಾಡಿ ನಮ್ಮೂರಿನದೇ, ಕೆಎ-13, ಅಂದರೆ ಹಾಸನ. ತೊಂಬತ್ತೆರಡು ಸಾವಿರ ಓಡಿತ್ತು. ನನಗೆ ನೋಡಲು ಹೋಗುವ ಮನಸ್ಸೇ ಇರಲಿಲ್ಲ. ಒಬ್ಬ ಮೆಡಿಕಲ್ ರೆಪ್‌ದು, ಮಂಗಳೂರು, ಚಿಕ್ಕಮಗಳೂರು, ಶಿವಮೊಗ್ಗ ಅಂತ ವಾರವೆಲ್ಲ ಸುತ್ತಾಡಿದ ಗಾಡಿ. ಇಲ್ಲಿ ಅಪ್ಪ ಮಾಡಿದ ಕೆಲಸ ನೋಡಿ. "ನಾವು ಆಮೇಲೆ ಓಡಿಸ್ತೀವಿ, ಮೊದಲು ನೀವೇ ಒಂದು ರೌಂಡ್ ಕರ್ಕೊಂಡು ಹೋಗಿ" ಅಂದು ಪಕ್ಕದ ಸೀಟಲ್ಲಿ ಕೂತುಬಿಟ್ಟರು. ದಾರಿಯುದ್ದಕ್ಕೂ ಅವರ ಮಕ್ಕಳು, ಕೆಲಸ, ಕಾಫಿ ರೇಟು ಅಂತ ಮಾತಾಡಿಸುತ್ತಲೇ ಇದ್ದರು. ಹಿಂದಿನ ಸೀಟಲ್ಲಿದ್ದ ನನಗೆ ಇದೇನು ಹರಟೆ ಅನ್ನಿಸಿತು. ಆತ ಮಾತಿನಲ್ಲಿ ಮೈಮರೆತಿದ್ದಾಗ ಅಪ್ಪ ನೋಡುತ್ತಿದ್ದದ್ದು ಎಡಗಾಲನ್ನು. ಗೇರ್ ಬಿದ್ದ ತಕ್ಷಣ ಕಾಲು ಪೆಡಲು ಬಿಟ್ಟು ನೆಲದ ಮೇಲೆ. ಸಿಗ್ನಲ್ಲಿನಲ್ಲಿ ನ್ಯೂಟ್ರಲ್. ಏರಿನಲ್ಲಿ ನಿಂತಾಗ ಹ್ಯಾಂಡ್ ಬ್ರೇಕ್. ಇಳಿದ ಮೇಲೆ ನನ್ನ ಕಿವಿಯಲ್ಲಿ "ತಗೋ ಪುಟ್ಟಿ" ಅಂದರು.

ನಾನು ಸುಮ್ಮನೆ ತಗೊಳ್ಳುವವಳಲ್ಲ. ಮೂರನೇ ಗೇರಿನ ಪರೀಕ್ಷೆ ಮಾಡಿದೆ, ತಕ್ಷಣ ಆಫ್ ಆಯಿತು. ಮೊದಲ ಗೇರಿನಲ್ಲಿ ನಿಧಾನಕ್ಕೆ ಎತ್ತಿದೆ, ನಡುಕ ಇರಲಿಲ್ಲ. ರಿವರ್ಸ್ ಕರಕರ ಅನ್ನಲಿಲ್ಲ. ಅಂದಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ. ಪೆಡಲ್ ಒತ್ತಿದಾಗ ಮಾತ್ರ ಬರುವ ಸದ್ದು ಸಾಮಾನ್ಯವಾಗಿ (ಪೆಡಲ್ ತುಳಿದಾಗ ಪ್ಲೇಟುಗಳನ್ನು ಬಿಡಿಸುವ) ರಿಲೀಸ್ ಬೇರಿಂಗ್‌ದು, ಒತ್ತಿದಾಗ ನಿಂತು ಬಿಟ್ಟಾಗ ಬರುವ ಸದ್ದು ಗೇರ್‌ಬಾಕ್ಸ್ ಕಡೆಯದ್ದು, ಅದು ದೊಡ್ಡ ಖರ್ಚು ಅಂತ ಅಪ್ಪ ಹೇಳಿಕೊಟ್ಟಿದ್ದರು. ಎರಡೂ ಇರಲಿಲ್ಲ. ಪೆಡಲ್ ಎಷ್ಟು ಮೇಲೆ ಬಂದಾಗ ಕ್ಲಚ್ ಹಿಡಿಯುತ್ತದೆ ಅನ್ನುವುದನ್ನೊಂದೇ ನಂಬಬೇಡ ಅಂತಲೂ ಹೇಳಿದ್ದರು. ಕೇಬಲ್ ಇರುವ ಗಾಡಿಗಳಲ್ಲಿ ನಟ್ ತಿರುಗಿಸಿ ಅದನ್ನು ಬೇಕಾದ ಕಡೆ ತರಬಹುದು. ಮಾರುವ ಹಿಂದಿನ ದಿನ ಸ್ಪ್ಯಾನರ್ ಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ.

ಗಾಡಿ ಮನೆಗೆ ಬಂದ ಮೊದಲ ತಿಂಗಳು ಅಣ್ಣನ ಮನೆಗೆ ಮಾರತ್ತಹಳ್ಳಿಗೆ ಹೊರಟೆವು. ಅಮ್ಮನ ಬೆರಳಲ್ಲಿ ರಾಮಜಪ ಎಣಿಸುವ ಆ ಚಿಕ್ಕ ಡಿಜಿಟಲ್ ಕೌಂಟರ್ ಇತ್ತು. ಅಪ್ಪ ತಮಾಷೆಗೆ "ಇವಳು ಕ್ಲಚ್ ತುಳಿದಾಗೆಲ್ಲ ಒಂದು ಒತ್ತು" ಅಂದರು. ಅಮ್ಮ ಅದನ್ನು ವ್ರತದ ಹಾಗೆ ಮಾಡಿದಳು. ಹಾಸನದಿಂದ ನೆಲಮಂಗಲದವರೆಗೆ, ನೂರೈವತ್ತು ಕಿಲೋಮೀಟರಿಗೂ ಮಿಕ್ಕ ದಾರಿಗೆ, 58. ಅಲ್ಲಿಂದ ಗೊರಗುಂಟೆಪಾಳ್ಯ, ಹೆಬ್ಬಾಳ, ಕೆ.ಆರ್. ಪುರ ದಾಟಿ ಅಣ್ಣನ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಹೊಸದಾಗಿ 412. "ಇಷ್ಟು ಹೊತ್ತಿಗೆ ನಾಲ್ಕು ಮಾಲೆ ಆಗ್ತಿತ್ತು" ಅಂತ ಬೈದುಕೊಂಡು ಇಳಿದಳು.

ನನ್ನ ಗಾಡಿಯ ಕ್ಲಚ್ ಎಷ್ಟು ಬಂತು ಅಂತ ಹೇಳಿಬಿಡುತ್ತೇನೆ. 1,24,000ಕ್ಕೆ ಹೋಯಿತು. ಹಿಂದಿನವರ ಬಿಲ್ಲುಗಳಲ್ಲಿ ಎಲ್ಲೂ ಕ್ಲಚ್ ಬದಲಿಸಿದ್ದು ಇರಲಿಲ್ಲ, ಅಂದರೆ ಕಂಪನಿಯಿಂದ ಬಂದ ಪ್ಲೇಟೇ. ಇನ್ನೂ ಬರುತ್ತಿತ್ತೇನೋ, ನಾನೇ ಕೊಂದೆ. ಒಂದು ಮಳೆಗಾಲ ಶಿರಾಡಿ ಘಾಟಿಯಲ್ಲಿ ದೋಣಿಗಲ್ ಹತ್ತಿರ ಮಣ್ಣು ಕುಸಿದು, ಗುಂಡ್ಯದಿಂದ ಮೇಲಕ್ಕೆ ಲಾರಿಗಳ ಸಾಲು. ಎರಡು ಅಡಿ ಮುಂದೆ, ನಿಲ್ಲು, ಇನ್ನೆರಡು ಅಡಿ. ಹಿಂದಿನ ಗಾಡಿಗೆ ಎಲ್ಲಿ ತಾಗುತ್ತದೋ ಅಂತ ಹೆದರಿ, ಹ್ಯಾಂಡ್ ಬ್ರೇಕ್ ಹಾಕುವ ಬದಲು ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲೇ ಗಾಡಿಯನ್ನು ತೂಗಾಡಿಸಿಕೊಂಡು ನಿಂತೆ, ಎರಡು ಗಂಟೆ. ಕೂದಲು ಸುಟ್ಟ ವಾಸನೆ ಬಂತು. ಲಾರಿ ಬ್ರೇಕಿನದು ಅಂದುಕೊಂಡೆ. ಅಪ್ಪ ಪಕ್ಕದಲ್ಲಿ ಬಾಯಿ ಬಿಡಲಿಲ್ಲ. ಮಾರನಹಳ್ಳಿಯಲ್ಲಿ ಟೀ ಕುಡಿಯುವಾಗ "ಇವತ್ತು ಒಂದೇ ದಿನ ಹತ್ತು ಸಾವಿರ ಕಿಲೋಮೀಟರ್ ಓಡ್ಸಿದೆ ಬಿಡು" ಅಂದರು. ಆಗಲೇ ಹೇಳಬಾರದಿತ್ತೇ ಅಂತ ಇವತ್ತಿಗೂ ನನಗೆ ಸಿಟ್ಟಿದೆ.

ಆರು ತಿಂಗಳಲ್ಲಿ ಏರಿನಲ್ಲಿ ಸ್ಲಿಪ್ ಶುರುವಾಯಿತು. ಬಿ.ಎಂ. ರಸ್ತೆಯ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಿದರು. ಕ್ಲಚ್ ದುಬಾರಿ ಆಗುವುದು ಸಾಮಾನಿನ ಜೊತೆ ಈ ಇಳಿಸಿ ಏರಿಸುವ ಕೆಲಸವೂ ಸೇರುವುದಕ್ಕೆ. ಹಳೇ ಪ್ಲೇಟು ಕೈಗೆ ಕೊಟ್ಟರು. ಲೈನಿಂಗ್ ಸವೆದು ರಿವೆಟ್ ತಲೆಗಳ ಮಟ್ಟಕ್ಕೆ ಬಂದಿತ್ತು. ಬೆರಳಾಡಿಸಿದರೆ ಒಂದೊಂದೂ ಎಣಿಸುವಂತೆ ಸಿಗುತ್ತಿತ್ತು. ಪ್ರೆಶರ್ ಪ್ಲೇಟಿನ ಮುಖದ ಮೇಲೆ ಅಲ್ಲಲ್ಲಿ ನವಿಲುಬಣ್ಣದ ಕಲೆ, ಕಬ್ಬಿಣ ಕಾದು ಹೋದ ಗುರುತು. ಅವತ್ತಿನ ಶಿರಾಡಿ ಅಲ್ಲಿ ಬರೆದಿತ್ತು. ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರೂ ಹೊಸದು, ಕೂಲಿ ಸೇರಿ 8,200 ರೂಪಾಯಿ. ಬೇರಿಂಗ್ ಚೆನ್ನಾಗಿದೆ, ಬಿಡೋಣ ಅಂದೆ. ಮುನ್ನೂರೋ ನಾನೂರೋ ಉಳಿಸಲು ಹೋಗಿ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾ ಅಂತ ಮೆಕ್ಯಾನಿಕ್ ಗದರಿದ. ಸರಿಯಾಗೇ ಗದರಿದ.

ಇದು ಸಣ್ಣ ಪೆಟ್ರೋಲ್ ಗಾಡಿಯ ಲೆಕ್ಕ. ಡ್ಯುಯಲ್ ಮಾಸ್ ಫ್ಲೈವೀಲ್ (ನಡುಕ ತಗ್ಗಿಸಲು ಎರಡು ಭಾಗವಾಗಿ ಮಾಡಿದ ಫ್ಲೈವೀಲ್) ಇರುವ ಡೀಸೆಲ್ ಗಾಡಿಗಳಲ್ಲಿ ಅದೂ ಹೋಗಿದ್ದರೆ ಖರ್ಚು ಇದರ ಹಲವು ಪಟ್ಟು. ಅಂಥ ಗಾಡಿ ಕೊಳ್ಳುವ ಮುಂಚೆ ಮೆಕ್ಯಾನಿಕ್ ಹತ್ತಿರ ರೇಟು ಕೇಳಿಕೊಂಡೇ ಹೋಗಿ. "ವಾರಂಟಿ ಇದೆ" ಅನ್ನುವ ಮಾತಿಗೂ ಮರುಳಾಗಬೇಡಿ. ಕ್ಲಚ್ ಸವೆಯುವ ಸಾಮಾನು, ಸಾಮಾನ್ಯವಾಗಿ ವಾರಂಟಿಯಲ್ಲಿ ಬರುವುದಿಲ್ಲ.

ಕೆಮಿಸ್ಟ್ರಿ ಮೇಷ್ಟ್ರಿಗೆ ಇಷ್ಟೆಲ್ಲ ಹೇಳಿದ ಮೇಲೂ "ಆದ್ರೂ ಮೇಡಂ, ಒಂದು ನಂಬರ್ ಹೇಳಿ" ಅಂದರು. ಸರಿ. ಸಾಧಾರಣ ಓಡಿಸುವವರ ಕೈಯಲ್ಲಿ ಎಂಬತ್ತು ಸಾವಿರದಿಂದ ಲಕ್ಷ ಕಿಲೋಮೀಟರ್, ಹೈವೇ ಗಾಡಿ ಆದರೆ ಒಂದೂವರೆ ಲಕ್ಷ ಬಂದದ್ದೂ ಉಂಟು, ಡ್ರೈವಿಂಗ್ ಕಲಿತ ಗಾಡಿ ಆದರೆ ದೇವರೇ ಗತಿ. ಎಪ್ಪತ್ತೆರಡು ಸಾವಿರದ ಗಾಡಿಗೆ ಕ್ಲಚ್ ಖರ್ಚು ಇವತ್ತೇ ಬರುತ್ತದೆ ಅಂದುಕೊಂಡು ರೇಟು ಮಾತಾಡಿ. ಬೆಂಗಳೂರಿನ ಆ ಗಾಡಿಯನ್ನು ನಾವು ಬಿಟ್ಟಿದ್ದೂ ಕ್ಲಚ್ ಹೋಗಿದೆ ಅಂತಲ್ಲ, ಹೋಗಿದೆ ಅಂತ ತೋರಿಸಿದರೂ ಒಂದು ರೂಪಾಯಿ ಇಳಿಸಲಿಲ್ಲ ಅಂತ. "ಕ್ಲಚ್ ಹೋದ್ರೆ ಹಾಕ್ಕೋಬೋದು, ಇಂಜಿನ್ ಹೋದ್ರೆ ಗಾಡಿನೇ ಹೋದಂಗೆ" ಅನ್ನುತ್ತಾರೆ ಅಪ್ಪ.

ಭಾನುವಾರ ಅರಸೀಕೆರೆಗೆ ಹೊರಟಿದ್ದೇವೆ, ಮೇಷ್ಟ್ರು, ನಾನು, ಅಪ್ಪ. ಓನರ್ ಊರಲ್ಲಿ ಇರುತ್ತಾರಾ, ಅವರೇ ಓಡಿಸಿ ತೋರಿಸುತ್ತಾರಾ ಅಂತ ಅಪ್ಪ ಎರಡು ಸಲ ಫೋನ್ ಮಾಡಿಸಿ ಕೇಳಿಸಿದ್ದಾರೆ. ಗಾಡಿ ಬಣ್ಣ ಯಾವುದು ಅಂತ ಇನ್ನೂ ಕೇಳಿಲ್ಲ.