ಎರಡು ಬಾರಿ ನಿಂತ ಗಾಡಿ

ಹೊಗೆಯಾಡುತ್ತಿದ್ದ ಗಾಡಿಯ ಕಡೆಗೆ ಓಡಿದ ಆ ಹತ್ತು ವರ್ಷದ ಹುಡುಗ ಇಂದಿಗೂ ನನ್ನ ನಿದ್ದೆ ಕೆಡಿಸುತ್ತಾನೆ.

ಮೈಸೂರಿನ ಒಂದು ಆರ್‌ಸಿ (ರಿಮೋಟಿನಿಂದ ಓಡುವ) ಕಾರುಗಳ ಅಂಗಡಿಯಲ್ಲಿ ರಿಪೇರಿ ಮೇಜು ನನ್ನದು. ಕಳೆದ ಮಳೆಗಾಲದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಮೊಮ್ಮಗನ 1/10 ಟ್ರಕ್ (ನಿಜವಾದ ಗಾಡಿಯ ಹತ್ತರಲ್ಲೊಂದು ಅಳತೆಯದು) ತಂದರು. ಅದುವರೆಗೆ 2ಎಸ್ ಲಿಪೊದಲ್ಲಿ, ಅಂದರೆ ಎರಡು ಸೆಲ್ಲಿನ ಲಿಥಿಯಂ ಬ್ಯಾಟರಿಯಲ್ಲಿ, ಓಡುತ್ತಿದ್ದ ಗಾಡಿ. "ಇದಕ್ಕೆ 3ಎಸ್ ಹಾಕಬಹುದೇನಪ್ಪ?" ಎಂದು ಕೇಳಿದರು. ಮೋಟಾರಿಗೆ ಕರೆಂಟ್ ಹದಮಾಡಿ ಕೊಡುವ ಇಎಸ್‌ಸಿ ಮೇಲಿನ ಸ್ಟಿಕ್ಕರ್ ನೋಡಿದೆ: 60 ಆಂಪಿಯರ್, 2–3ಎಸ್. "ಧಾರಾಳವಾಗಿ ಹಾಕಬಹುದು ಸರ್" ಎಂದೆ. ಕೈಪಿಡಿ ಡ್ರಾಯರಿನಲ್ಲೇ ಇತ್ತು. ತೆಗೆಯಲಿಲ್ಲ.

ಭಾನುವಾರ ಅಂಗಡಿಯ ಹಿಂದಿನ ಖಾಲಿ ನಿವೇಶನದಲ್ಲಿ ಓಡಿಸಿದೆವು. ಮಳೆಗೆ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ನಾಲ್ಕು ನಿಮಿಷಕ್ಕೆ ಗಾಡಿ ತಾನಾಗಿ ನಿಂತಿತು. "ಬಿಸಿಯಾಗಿದೆ, ಆರಲಿ" ಎಂದೆ. ಐದು ನಿಮಿಷ ಬಿಟ್ಟು ಮತ್ತೆ ಓಡಿಸಿದ ಹುಡುಗ. ಎರಡೇ ನಿಮಿಷ. "ಅಂಕಲ್, ಮತ್ತೆ ನಿಂತಿತು." ಹೀಟ್‌ಸಿಂಕ್ ಮುಟ್ಟಿ ನೋಡಿದೆ, ಸ್ವಲ್ಪ ಆರಿದಂತೆ ಕಂಡಿತು. ಇನ್ನೊಂದು ಸುತ್ತು ಹೋಗು ಎಂದವನು ನಾನೇ. ಆ ಮಾತನ್ನು ಇಂದಿಗೂ ನುಂಗಿಕೊಳ್ಳಲಾಗುತ್ತಿಲ್ಲ. ಗಾಡಿ ಎರಡು ಬಾರಿ ಸಾಕು ಎಂದು ಹೇಳಿತ್ತು. ಬಿಸಿ ಅಳೆದು ಗಾಡಿ ನಿಲ್ಲಿಸುವ ಸೆನ್ಸರ್ ಇರುವುದು ಇಎಸ್‌ಸಿಯೊಳಗೆ, ಕರೆಂಟನ್ನು ಬಿಟ್ಟು ಹಿಡಿಯುವ ಸ್ವಿಚ್‌ಗಳಾದ ಫೆಟ್‌ಗಳ ಪಕ್ಕದಲ್ಲಿ. ಫೆಟ್‌ನ ಒಡಲು ಅದಕ್ಕಿಂತ ಬೇಗ ಕಾಯುತ್ತದೆ. ಬ್ಯಾಟರಿ ಕಡೆಯ ವೋಲ್ಟೇಜ್ ಏರಿಳಿತ ತಗ್ಗಿಸುವ ಕೆಪಾಸಿಟರ್ ಸುಡುತ್ತಿದ್ದರೂ ಆ ಸೆನ್ಸರ್‌ಗೆ ತಿಳಿಯುವುದಿಲ್ಲ.

ಮೂರನೆಯ ಬಾರಿ ಗಾಡಿ ಜರ್ಕು ಹೊಡೆದು ನಿಂತಿತು. ಬಾಡಿಯ ಸಂದಿಯಿಂದ ಹೊಗೆ. ಹುಡುಗ ಎತ್ತಿಕೊಳ್ಳಲು ಓಡಿದ. "ಮುಟ್ಟಬೇಡ!" ಎಂದು ನಾನು ಅರಚಿದ್ದು ರಸ್ತೆಗೆ ಕೇಳಿಸಿರಬೇಕು. ಬಾಡಿ ಹಿಡಿದಿದ್ದ ಮೂರು ಕ್ಲಿಪ್ ಬಂದವು, ನಾಲ್ಕನೆಯದನ್ನು ಕಿತ್ತೆಸೆದೆ. ಬ್ಯಾಟರಿಯ ಎಕ್ಸ್‌ಟಿ60 ಕನೆಕ್ಟರ್ ಮೆತ್ತಗಾಗಿ ಅಂಟಿಕೊಂಡಿತ್ತು, ಎಳೆದರೆ ಜಗ್ಗಲಿಲ್ಲ. ಜೇಬಿನಲ್ಲಿ ಕಟ್ಟರ್ ಇತ್ತು. ಎರಡೂ ವೈರನ್ನು ಒಟ್ಟಿಗೆ ಕತ್ತರಿಸಿದರೆ ಕಟ್ಟರಿನ ಬಾಯಲ್ಲೇ ಪ್ಯಾಕ್ ಶಾರ್ಟ್ ಆಗುತ್ತದೆ. ಕೈ ನಡುಗುತ್ತಿರುವಾಗ ಕೆಂಪು ವೈರ್ ಒಂದನ್ನೇ ಬಿಡಿಸಿ ಹಿಡಿಯಲು ಹಿಡಿದ ಆ ಕ್ಷಣಗಳು ಬಹಳ ದೊಡ್ಡವು. ಕತ್ತರಿಸಿ, ತುದಿಗೆ ಟೇಪ್ ಸುತ್ತಿ, ಪ್ಯಾಕನ್ನು ಬರಿಮಣ್ಣಿನ ಮೇಲಿಟ್ಟು, ಅದು ಉಬ್ಬುತ್ತದೆಯೇ ಎಂದು ಅರ್ಧ ಗಂಟೆ ದೂರದಿಂದ ಕಾದೆವು. ಉಬ್ಬಲಿಲ್ಲ. ಮೇಷ್ಟ್ರು ಮೊಮ್ಮಗನ ಕೈ ಬಿಟ್ಟಿರಲಿಲ್ಲ.

ಸೋಮವಾರ ಮೇಜಿನ ಮೇಲೆ ಬಿಚ್ಚಿದೆ. ಕೆಪಾಸಿಟರಿನ ನೆತ್ತಿ ಉಬ್ಬಿತ್ತು, ಮೀಟರ್ ಇಟ್ಟರೆ ಪ್ಲಸ್‌ಗೂ ಮೈನಸ್‌ಗೂ ಬೀಪ್, ಅಂದರೆ ಒಳಗೆ ಶಾರ್ಟ್. ಆಮೇಲೆ ಕೈಪಿಡಿ ತೆಗೆದೆ. 3ಎಸ್ ಹಾಕುವುದಾದರೆ ಮೋಟಾರ್ 3000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ) ಒಳಗಿರಬೇಕು ಎಂದು ಸಣ್ಣ ಅಕ್ಷರದಲ್ಲಿತ್ತು. ಗಾಡಿಯಲ್ಲಿದ್ದದ್ದು 3900. ಪೂರ್ತಿ ಚಾರ್ಜಾದ 2ಎಸ್ 8.4 ವೋಲ್ಟ್, 3ಎಸ್ 12.6. ಅಂದರೆ ಹೊರೆಯಿಲ್ಲದ ಲೆಕ್ಕದಲ್ಲಿ ನಿಮಿಷಕ್ಕೆ 32,760 ಸುತ್ತಿನಿಂದ 49,140ಕ್ಕೆ. ಕರೆಂಟ್ ಒಂದೂವರೆ ಪಟ್ಟಾದರೂ ಫೆಟ್‌ಗಳ ಬಿಸಿ ಎರಡೂಕಾಲು ಪಟ್ಟಾಗುತ್ತದೆ. ಅದರ ಮೇಲೆ ಹುಲ್ಲಿನ ಹೊರೆ. ಸಾಲದ್ದಕ್ಕೆ, ಹಿಂದಿನ ತಿಂಗಳು ನಾನೇ ಎರಡು ಹಲ್ಲು ದೊಡ್ಡ ಪಿನಿಯನ್ (ಮೋಟಾರಿನ ಹಲ್ಲುಚಕ್ರ) ಹಾಕಿದ್ದೆ, ಮರೆತಿದ್ದೆ. 3ಎಸ್‌ಗೆ ಪಿನಿಯನ್ ಚಿಕ್ಕದಾಗಬೇಕು.

ಬಿಲ್ಲಿನ ಕೆಳಗೆ ಎಲೆಕ್ಟ್ರಾನಿಕ್ಸ್‌ಗೆ ಗ್ಯಾರಂಟಿ ಇಲ್ಲ ಎಂದು ಅಚ್ಚಾಗಿದೆ. ಮಾಲೀಕರು ಅದನ್ನೇ ತೋರಿಸಿ ಅರ್ಧ ಹಣ ಕೇಳೋಣ ಎಂದರು. ತಪ್ಪು ನನ್ನದು, ನನ್ನ ಸಂಬಳದಲ್ಲಿ ಹಿಡಿಯಿರಿ ಎಂದೆ. ಹಿಡಿದರು. ಅದಕ್ಕೆ ನನಗೆ ಬೇಸರವಿಲ್ಲ. ಬೇಸರವಿರುವುದು ಜಾಬ್ ಕಾರ್ಡಿನ ಬಗ್ಗೆ. ಅದರಲ್ಲಿ ಮುಂಗಡಕ್ಕೆ, ಕೊಡುವ ದಿನಕ್ಕೆ, ಫೋನ್ ನಂಬರಿಗೆ ಕಾಲಂ ಇದೆ. ಕೆವಿಗೆ, ಪಿನಿಯನ್ ಹಲ್ಲಿಗೆ, ಎಷ್ಟು ಎಸ್ ಎಂಬುದಕ್ಕೆ ಇಲ್ಲ. ಕೇಳಿದರೆ "ಮುಂದಿನ ಸಲ ಅಚ್ಚು ಹಾಕಿಸುವಾಗ ನೋಡೋಣ" ಎನ್ನುತ್ತಾರೆ. ಅಲ್ಲಿಯವರೆಗೆ ಪ್ರತಿ ಕಾರ್ಡಿನ ಹಿಂಬದಿಯಲ್ಲಿ ಈ ಮೂರನ್ನೂ ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಮೇಷ್ಟ್ರ ಕಾರ್ಡಿನಲ್ಲಿ ಈಗ 2ಎಸ್ ಎಂದಿದೆ.